ಬೆಲೆಗೆ ಮೊದಲು ತಳ ತೋರಿಸುವ ಅಂಗಡಿ

ಹಳೇ ಫ್ರೆಂಚ್ ಗಾಜಿನ ಸಾಮಾನು ಅಂದ್ರೆ ಪ್ರಾಣ ಅನ್ನುವವರು ಪ್ಯಾರಿಸ್‌ಗೆ ಹೋದರೆ ಸ್ಯಾಂತ್ವಾಂ ಹಳೇ ಸಾಮಾನಿನ ಸಂತೆಗೆ ಹೋಗೇ ಹೋಗುತ್ತಾರೆ. ಅಲ್ಲಿನ ಎಲ್ಲಕ್ಕಿಂತ ಹಳೆಯ ಭಾಗ ವೆರ್ನೆಜೋಂ, 1920ರಲ್ಲಿ ಶುರುವಾಗಿದ್ದು. ಅದರ ಓಣಿಯೊಂದರಲ್ಲಿ ಬರೀ ಗಾಜು ಮಾರುವ ಪುಟ್ಟ ಮಳಿಗೆ ಇದೆ. ಮೂರು ಜನ ಒಳಗೆ ನಿಂತರೆ ನಾಲ್ಕನೆಯವರು ಹೊರಗೆ ಕಾಯಬೇಕು. ಎರಡು ಸಲ ಹೋಗಿ ಬಂದಿದ್ದೇನೆ, ಮತ್ತೆ ಹೋಗುತ್ತೇನೆ.

ಅಂಗಡಿ ನಡೆಸುವ ಹಿರಿಯ ಹೆಂಗಸಿಗೆ ಒಂದು ಅಭ್ಯಾಸ. ಏನನ್ನೇ ಕೇಳಿ, ಬೆಲೆ ಹೇಳುವುದಕ್ಕೆ ಮೊದಲು ಅದನ್ನು ತಲೆಕೆಳಗೆ ಮಾಡಿ, ತಯಾರಕರ ಗುರುತು ಹುಡುಕುವ ತಳವನ್ನು ನಿಮ್ಮ ಕಣ್ಣ ಮುಂದೆ ಹಿಡಿಯುತ್ತಾರೆ. ಜೊತೆಗೆ ಒಂದು ಭೂತಗನ್ನಡಿ ಕೊಡುತ್ತಾರೆ. "ನೀವೇ ನೋಡಿ, ಆಮೇಲೆ ಮಾತಾಡೋಣ" ಅನ್ನುತ್ತಾರೆ. ಈ ಒಂದು ಮಾತಿಗೇ ನಾನು ಸೋತುಹೋದೆ.

ಯಾಕೆ ಅಂದ್ರೆ ಅದಕ್ಕೆ ಹಿಂದಿನ ವರ್ಷ ಬೇರೆ ಊರಿನ ಬೇರೆ ಅಂಗಡಿಯಲ್ಲಿ 180 ಯೂರೋ ಕೊಟ್ಟು, ಹೆಸರಾಂತ ಫ್ರೆಂಚ್ ಗಾಜು ಕಲಾವಿದ ಗಾಲೆಯ ಹೂದಾನಿ ಅಂತ ಒಂದನ್ನು ತಂದಿದ್ದೆ. ಕಂದು ಬಣ್ಣದ ಪದರ, ಮೇಲೆ ಎಲೆಗಳ ಕೆತ್ತನೆ, ಪಕ್ಕದಲ್ಲಿ ಸಹಿ, ಎಲ್ಲ ಸರಿಯಾಗೇ ಇತ್ತು. ಅದರ ಫೋಟೋ ತೋರಿಸಿದಾಗ ಈಕೆ ಸಹಿಯ ಪಕ್ಕದ ಖಾಲಿ ಜಾಗವನ್ನೇ ದೊಡ್ಡದು ಮಾಡಿ ನೋಡಿದರು. "ಮನೆಗೆ ಹೋಗಿ ಇಲ್ಲಿ ಬೆರಳಾಡಿಸಿ ನೋಡಿ, ತಗ್ಗಿದೆಯಾ?" ಅಂದರು. ಮನೆಗೆ ಬಂದು ನೋಡಿದೆ, ತಗ್ಗಿತ್ತು. ರೊಮೇನಿಯಾದಲ್ಲಿ ಗಾಲೆ ಶೈಲಿಯ ಹೂದಾನಿಗಳನ್ನು ಮಾಡಿ, ಹೆಸರಿನ ಜೊತೆ 'ಟಿಪ್' ಅಂತ ಬರೆಯುತ್ತಾರೆ. ಅವರ ಭಾಷೆಯಲ್ಲಿ ಹಾಗಂದ್ರೆ 'ಆ ಮಾದರಿಯದು' ಅಂತ. ಮಾಡಿದವರು ಮುಚ್ಚಿಟ್ಟಿದ್ದೇನೂ ಇಲ್ಲ. ನಡುವೆ ಯಾರೋ ಆ ಮೂರಕ್ಷರ ಉಜ್ಜಿ ತೆಗೆದು ಅಸಲಿ ಅಂತ ಮಾರಿಬಿಡುತ್ತಾರೆ. ಆ ಹಣ ಹೋದದ್ದಕ್ಕಿಂತ, ಸಹಿ ಓದೋಕೆ ಬರದೆ ಸಹಿ ನಂಬಿದೆನಲ್ಲ ಅನ್ನುವುದು ಜಾಸ್ತಿ ನೋವು ಕೊಟ್ಟಿತು.

ಅಸಲಿ ಗಾಲೆಯಲ್ಲೂ ಸಹಿಯೇ ಕಾಲ ಹೇಳುತ್ತದೆ. ಎಮಿಲ್ ಗಾಲೆ ತೀರಿಕೊಂಡಿದ್ದು 1904ರಲ್ಲಿ. ಆಮೇಲೆ ಕೆಲವು ವರ್ಷ ಅವನ ಕಾರ್ಖಾನೆಯವರು ಹೆಸರಿನ ಜೊತೆ ಒಂದು ಚಿಕ್ಕ ನಕ್ಷತ್ರ ಹಾಕುತ್ತಿದ್ದರು. ನಕ್ಷತ್ರ ಇದ್ದರೆ ಅದು ಅವನು ಸತ್ತ ಮೇಲಿನದು. ಅದೇ ನಾನ್ಸಿ ಊರಿನ ದೋಮ್ ಕಂಪನಿಯದಾದರೆ ಹೆಸರಿನ ಜೊತೆ ಲೊರೇನ್ ಶಿಲುಬೆ ಹುಡುಕಬೇಕು, ಎರಡು ಅಡ್ಡ ಗೆರೆ ಇರುವ ಶಿಲುಬೆ.

ಆ ದಿನ ನಾನು ಕೇಳಿದ್ದು ಬಕಾರಾ ಅನ್ನುವ ಫ್ರೆಂಚ್ ಕ್ರಿಸ್ಟಲ್ ಕಂಪನಿಯ ವೈನ್ ಲೋಟಗಳನ್ನು. ಎರಡು ಇದ್ದವು, ನೋಡಲು ಅಣ್ಣತಮ್ಮ. ಒಂದರ ತಳದಲ್ಲಿ ಏನೂ ಕಾಣಲಿಲ್ಲ. ಆಕೆ ಅದರ ಮೇಲೆ ಬಾಯಿಂದ ಬಿಸಿ ಉಸಿರು ಬಿಟ್ಟರು. ಮಂಜು ಕಟ್ಟಿತು, ಮಂಜಿನ ನಡುವೆ ದುಂಡನೆಯ ಮುದ್ರೆ ಎದ್ದುಬಂತು, ಒಳಗೆ ಹೂಜಿ ಮತ್ತು ಲೋಟಗಳ ಚಿತ್ರ, ಸುತ್ತ ಬಕಾರಾ ಫ್ರಾನ್ಸ್ ಅಂತ ಅಕ್ಷರ. ಎರಡು ಕ್ಷಣಕ್ಕೆ ಮತ್ತೆ ಮಾಯ. ಆಸಿಡ್‌ನಲ್ಲಿ ಕೊರೆದ ಗುರುತು ಸವೆದು ಮಾಸಿದ್ದರೂ ಉಸಿರಿಗೆ ಹೀಗೆ ಕಾಣುತ್ತದಂತೆ. ಎಲ್ಲ ಸಾಮಾನಿಗೂ ಈ ಮುದ್ರೆ ಒತ್ತುವ ಪದ್ಧತಿ ಬಂದಿದ್ದು 1936ರಲ್ಲಿ. ಅದಕ್ಕೆ ಮೊದಲು ಹೆಚ್ಚಾಗಿ ಕಾಗದದ ಚೀಟಿ ಅಂಟಿಸುತ್ತಿದ್ದರು. ಚೀಟಿ ಮೊದಲ ಸಲ ತೊಳೆದಾಗಲೇ ಹೋಗಿರುತ್ತದೆ, ಅಲ್ವಾ? ಎರಡನೆಯ ಲೋಟಕ್ಕೆ ಎಷ್ಟು ಉಸಿರು ಬಿಟ್ಟರೂ ಮುದ್ರೆ ಬರಲಿಲ್ಲ. ಗುರುತಿಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ, ಇನ್ನೂ ಹಳೆಯದೂ ಇರಬಹುದು. ಆದರೆ ಅದು ಬಕಾರಾ ಅಂತ ಸಾಬೀತು ಮಾಡೋಕೆ ತನ್ನ ಹತ್ತಿರ ಏನೂ ಇಲ್ಲ ಅಂತ ಹೇಳಿ ಅದಕ್ಕೆ ಅರ್ಧ ಬೆಲೆ ಹಾಕಿದ್ದರು. ಇಂಥ ವ್ಯಾಪಾರಿ ಎಲ್ಲಿ ಸಿಗುತ್ತಾರೆ ಹೇಳಿ.

ಇನ್ನೊಂದು ವಿಷಯ ಅಲ್ಲೇ ಕಲಿತೆ. ಗುರುತು ಓದಿದರೆ ಸಾಲದು, ಗುರುತಿನ ಸುತ್ತಲಿನ ಗೀರುಗಳನ್ನೂ ಓದಬೇಕು. ಹತ್ತಾರು ವರ್ಷ ಮೇಜಿನ ಮೇಲೆ ಕೂತೆದ್ದ ಲೋಟದ ತಳದಲ್ಲಿ, ಮೇಜಿಗೆ ತಾಗುವ ಅಂಚಿನಲ್ಲಿ ಮಾತ್ರ, ಎಲ್ಲ ದಿಕ್ಕಿಗೂ ಸಣ್ಣ ಸಣ್ಣ ಗೀರು ಬಿದ್ದಿರುತ್ತವೆ. ಉಪ್ಪುಕಾಗದದಲ್ಲಿ ಉಜ್ಜಿ ಹಳತು ಮಾಡಿದ್ದರೆ ಗೀರೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಓಡುತ್ತವೆ. ಸವೆದ ಗೀರುಗಳ ಮೇಲೆ ಮುದ್ರೆ ಮಾತ್ರ ಚೂಪಾಗಿ ಹೊಸದಾಗಿ ಕೂತಿದ್ದರೆ, ಅದನ್ನು ಆಮೇಲೆ ಒತ್ತಿದ್ದಾರೆ ಅಂತಲೇ ಅನುಮಾನ ಪಡಬೇಕು.

ಲಾಲಿಕ್ ಕಂಪನಿಯ ಗಾಜಿನ ವಿಷಯಕ್ಕೆ ಬಂದರೆ ಆಕೆಗೆ ಮಾತು ನಿಲ್ಲುವುದೇ ಇಲ್ಲ. ಕಂಪನಿ ಕಟ್ಟಿದ ರೆನೆ ಲಾಲಿಕ್ 1945ರಲ್ಲಿ ತೀರಿಕೊಂಡ. ಅಲ್ಲಿಯವರೆಗಿನ ಸಹಿಯಲ್ಲಿ ಹೆಸರಿಗೆ ಮೊದಲು 'ಆರ್' ಅಕ್ಷರ ಇರುತ್ತದೆ, ಆಮೇಲೆ ಬರೀ ಲಾಲಿಕ್. ಮಗ ಮಾರ್ಕ್ ಕಾಲದಲ್ಲಿ ಗಾಜು ಬಿಟ್ಟು ಸೀಸ ಬೆರೆತ ಕ್ರಿಸ್ಟಲ್‌ಗೆ ಹೋದರು, ಅದಕ್ಕೇ ಹೊಸದು ಕೈಗೆ ಭಾರ. ಈ ಅಕ್ಷರ ಯಾಕೆ ಮುಖ್ಯ ಅಂದ್ರೆ, ಸುತ್ತಲೂ ಹೆಂಗಸರ ಆಕೃತಿ ಇರುವ ಬಾಕಾಂತ್ ಹೂದಾನಿಯ ವಿನ್ಯಾಸ 1927ರದ್ದು, ಅದನ್ನು ಇವತ್ತಿಗೂ ಮಾಡುತ್ತಿದ್ದಾರೆ. ಆಕಾರ ನೋಡಿ ವರ್ಷ ಹೇಳೋಕೆ ಆಗುವುದಿಲ್ಲ. ಒಂದು ಅಕ್ಷರಕ್ಕೆ ಬೆಲೆ ಹಲವು ಪಟ್ಟು ಏರುವುದರಿಂದ ಆ ಅಕ್ಷರವನ್ನೇ ಸುಳ್ಳು ಕೆತ್ತುವವರೂ ಇದ್ದಾರೆ. ಆಕೆಯ ಹತ್ತಿರ ಅಂಥದೊಂದು ತಟ್ಟೆ ಇದೆ, ಮಾರುವುದಕ್ಕಲ್ಲ, ತೋರಿಸುವುದಕ್ಕೆ ಮಾತ್ರ.

ಬಾಗಿಲ ಹತ್ತಿರದ ಬುಟ್ಟಿಯಲ್ಲಿ ಡ್ಯುರಾಲೆಕ್ಸ್ ಕಂಪನಿಯ ಪಿಕಾರ್ಡಿ ಲೋಟ, ಒಂದಕ್ಕೆ 2 ಯೂರೋ. ತಳದಲ್ಲಿರುವ ಸಂಖ್ಯೆ ವರ್ಷ ಅಲ್ಲ, ಅಚ್ಚಿನ ಸಂಖ್ಯೆ. ಫ್ರಾನ್ಸ್‌ನ ಶಾಲಾ ಊಟದ ಮನೆಗಳಲ್ಲಿ ಮಕ್ಕಳು ಅದನ್ನು ನೋಡಿ 'ನಿನಗೆಷ್ಟು ವಯಸ್ಸು' ಅಂತ ಆಡುತ್ತಾ ಬೆಳೆದವರು. ಈ ಲೋಟ ಬಂದಿದ್ದೇ 1954ರಲ್ಲಿ, ಹಾಗಾಗಿ ಯಾರಾದರೂ ಎರಡನೇ ಮಹಾಯುದ್ಧಕ್ಕೆ ಮುಂಚಿನದು ಅಂದರೆ ನಂಬಬೇಡಿ. ಕ್ರಿಸ್ಟಲ್ ದಾರ್ಕ್ ಅನ್ನುವ ಬ್ರ್ಯಾಂಡ್ ಹೆಸರೂ ಹಾಗೇ, ಅದು 1968ಕ್ಕಿಂತ ಹಿಂದೆ ಇರಲೇ ಇಲ್ಲ.

ಕೊರತೆಗಳೂ ಇವೆ. ಒಳಗೆ ಬೆಳಕು ಸಾಲದು, ಮಾಸಿದ ಮುದ್ರೆ ನೋಡಲು ನಾನು ಎರಡೆರಡು ಸಲ ಓಣಿಗೆ ಬಂದೆ. ಕಾರ್ಡ್ ತಗೊಳ್ಳುವುದಿಲ್ಲ. ಕಟ್ಟಿಕೊಡುವುದು ಬರೀ ಪತ್ರಿಕೆಯ ಹಾಳೆಯಲ್ಲಿ, ವಿಮಾನದಲ್ಲಿ ಹೋಗುವವರು ದಪ್ಪ ಬಟ್ಟೆ ತಂದುಕೊಳ್ಳಿ. ಚೌಕಾಸಿಗೆ ಬಗ್ಗುವುದಿಲ್ಲ. ಇಂಗ್ಲಿಷ್ ತುಸು ಮಾತ್ರ ಬರುತ್ತದೆ, ಆದರೆ ಭೂತಗನ್ನಡಿ ಕೈಲಿದ್ದರೆ ಭಾಷೆ ಅಷ್ಟು ಅಡ್ಡ ಬರುವುದಿಲ್ಲ.

ನಾನು ಕೊನೆಗೆ ಕೊಂಡಿದ್ದು ಮುದ್ರೆ ಇಲ್ಲದ ಆ ಎರಡನೆಯ ಲೋಟವನ್ನೇ. ಚೀಟಿ ಬರೆದುಕೊಟ್ಟರು. ಮುದ್ರೆ ಇದ್ದದ್ದಕ್ಕಾದರೆ '1936ರ ನಂತರ' ಅಂತ ಬರೆಯುತ್ತಿದ್ದರು, ಇದಕ್ಕೆ 'ಕ್ರಿಸ್ಟಲ್, ಗುರುತಿಲ್ಲ' ಅಂತ ಬರೆದು ವರ್ಷದ ಜಾಗ ಖಾಲಿ ಬಿಟ್ಟರು. ಹೋಗುವವರು ಶನಿವಾರ ಅಥವಾ ಭಾನುವಾರ ಹೋಗಿ, ಸೋಮವಾರ ಆ ಓಣಿಯ ಹಲವು ಮಳಿಗೆ ಮುಚ್ಚಿರುತ್ತವೆ. ಮೆಟ್ರೋ 4ನೇ ಮಾರ್ಗದ ಪೋರ್ತ್ ದ ಕ್ಲಿನ್ಯಾಂಕೂರ್‌ನಲ್ಲಿ ಇಳಿದರೆ ಅಲ್ಲಿಂದ ನಡಿಗೆ.