ಪಿಸ್ಟನ್‌ಗೆ ಲೇಪನ ಬೇಕೇ: ಒಂದೇ ಮನೆಯ ಎರಡು ಬುಲೆಟ್‌ಗಳು

ನಮ್ಮ ಮನೆಯಲ್ಲಿ ಎರಕದ ಕಬ್ಬಿಣದ ಸಿಲಿಂಡರಿನ ಎರಡು ಹಳೆಯ ಬುಲೆಟ್ 350 ಗಾಡಿಗಳಿವೆ. ಒಂದು ನನ್ನದು, ಇನ್ನೊಂದು ಅಣ್ಣನದು. ಎರಡಕ್ಕೂ ಒಂದೇ ವರ್ಷ ಬೋರ್ ಹಾಕಿಸುವ, ಅಂದರೆ ಸವೆದ ಸಿಲಿಂಡರನ್ನು ಕೊರೆದು ತುಸು ದೊಡ್ಡದು ಮಾಡಿಸುವ, ಕಾಲ ಬಂದಿತು. ಆಗ ಹೊರಗಿನ ತಯಾರಿಕೆಯ 0.50 ಓವರ್‌ಸೈಜಿನ (ಮೂಲ ಅಳತೆಗಿಂತ ಅರ್ಧ ಮಿ.ಮೀ. ದಪ್ಪನೆಯ) ಒಂದೇ ಜಾತಿಯ ಎರಡು ಪಿಸ್ಟನ್‌ಗಳನ್ನು ತರಿಸಿ, ನನ್ನ ಗಾಡಿಗೆ ಬಂದ ಹಾಗೆಯೇ ಹಾಕಿಸಿದೆ. ಅಣ್ಣನ ಗಾಡಿಯದನ್ನು ಮಾತ್ರ ಸ್ಕರ್ಟಿಗೆ, ಅಂದರೆ ರಿಂಗುಗಳ ಕೆಳಗಿನ ಪಕ್ಕಗೋಡೆಗೆ, ಮಾಲಿಬ್ಡಿನಮ್ ಡೈಸಲ್ಫೈಡ್ ಲೇಪನ ಮಾಡಿಸಲು ಬೆಂಗಳೂರಿಗೆ ಕಳುಹಿಸಿದೆ.

ಲೇಪನದ ಆಸೆಗೆ ಕಾರಣವಿತ್ತು. ಎಪ್ಪತ್ತು ಮಿಲಿಮೀಟರ್ ವ್ಯಾಸದ ಅಲ್ಯೂಮಿನಿಯಂ ಪಿಸ್ಟನ್ ನೂರು ಡಿಗ್ರಿ ಕಾದರೆ ಸುಮಾರು 0.14 ಮಿ.ಮೀ. ಹಿಗ್ಗುತ್ತದೆ, ಅಷ್ಟೇ ಕಾದ ಕಬ್ಬಿಣದ ಸಿಲಿಂಡರ್ ಹಿಗ್ಗುವುದು 0.08ರ ಆಸುಪಾಸು. ಮೇ ತಿಂಗಳ ಬಳ್ಳಾರಿಯಲ್ಲಿ ಗಾಳಿಯೇ ನಲವತ್ತು ಡಿಗ್ರಿ ದಾಟಿರುವಾಗ, ಗಾಳಿಯಿಂದಲೇ ತಣಿಯಬೇಕಾದ ಎಂಜಿನ್, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು, ಹಿಡಿದುಬಿಡುವ ಭಯ ಸುಳ್ಳಲ್ಲ. ಲೇಪನವೆಂದರೆ ರಾಳದಲ್ಲಿ ಕಲಸಿ, ಬಳಿದು, ಒಲೆಯಲ್ಲಿ ಬೇಯಿಸಿದ ಒಣ ಜಾರುಪುಡಿಯ ತೆಳುಪದರ; ಎಣ್ಣೆಯ ಪೊರೆ ಕ್ಷಣಕಾಲ ಹರಿದರೂ ಲೋಹಕ್ಕೆ ಲೋಹ ಅಂಟದಂತೆ ಅದು ನೋಡಿಕೊಳ್ಳುತ್ತದೆ. ಲೇಪನದವರು ಪಿಸ್ಟನ್ನಿನ ತಲೆಗೂ ಸೆರಾಮಿಕ್ ಹಾಕುವುದಾಗಿ ಹೇಳಿದರು, ನಾನು ಬೇಡವೆಂದೆ. ಆ ಪದರ ತಡೆದ ಶಾಖ ಹೆಡ್ಡಿನ ಕಡೆಗೆ ತಿರುಗುತ್ತದೆ. ಕಂಪ್ರೆಷನ್ ಕಡಿಮೆಯಿರುವ ಈ ಎಂಜಿನ್‌ಗೆ ಅದರಿಂದ ಗಳಿಕೆಯೇನೂ ಕಾಣಲಿಲ್ಲ, ಚಕ್ಕೆಯೆದ್ದರೆ ರಿಂಗಿಗೆ ಕೇಡು ಬೇರೆ.

ತಪ್ಪಾದದ್ದು ಅಳತೆಯಲ್ಲಿ, ಮತ್ತು ಆ ತಪ್ಪು ನನ್ನದು. ಕಪ್ಪು ಬೂದು ಬಣ್ಣ ಹೊತ್ತು ಮರಳಿದ ಪಿಸ್ಟನ್ನನ್ನು ಕೌಲ್ ಬಜಾರಿನ ಬೋರಿಂಗ್ ಅಂಗಡಿಗೆ ಕೊಟ್ಟಾಗ, ಅವರು ಮೈಕ್ರೋಮೀಟರನ್ನು ಲೇಪನದ ಮೇಲೆಯೇ ಹಿಡಿದು, ಅದಕ್ಕೆ 0.08 ಸಡಿಲ (ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಬಿಡುವ ಸಂದು) ಸೇರಿಸಿ ಬೋರ್ ಹಾಕಿದರು. ಲೇಪನ ಒಂದೊಂದು ಬದಿಗೆ 0.015ರಷ್ಟಿದ್ದರೂ ವ್ಯಾಸದಲ್ಲಿ ಅದು 0.03 ಆಗುತ್ತದೆ; ಪದರ ಸವೆದ ದಿನ ಸಡಿಲ 0.11ಕ್ಕೆ ಏರಿರುತ್ತದೆ. ಬೆಂಗಳೂರಿಗೆ ಕಳುಹಿಸುವ ಮುನ್ನ ಲೇಪನವಿಲ್ಲದ ಪಿಸ್ಟನ್ನಿನ ಅಳತೆಯನ್ನು ಬರೆದಿಟ್ಟುಕೊಂಡಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಮೊದಲ ಎರಡು ತಿಂಗಳು ಅಣ್ಣನ ಗಾಡಿಯದೇ ಮೇಲುಗೈ. ಬೆಳಗಿನ ಮೊದಲ ಕಿಕ್ಕಿಗೆ ನನ್ನದು ಬಿಸಿಯಾಗುವವರೆಗೂ ಟಕಟಕ ಬಡಿದುಕೊಂಡರೆ, ಅಣ್ಣನದು ಆ ಸದ್ದಿಲ್ಲದೆ ಓಡುತ್ತಿತ್ತು. ನನ್ನದಂತೂ ಒಂಬೈನೂರು ಕಿಲೋಮೀಟರಿಗೇ ಸಿರುಗುಪ್ಪ ರಸ್ತೆಯಲ್ಲಿ, ಭತ್ತದ ಗದ್ದೆಗಳ ನಡುವೆ, ಮಧ್ಯಾಹ್ನದ ಹೊತ್ತು ಹಿಡಿದೇಬಿಟ್ಟಿತು. ರನ್ನಿಂಗ್ (ಹೊಸ ಪಿಸ್ಟನ್ ಪಳಗುವವರೆಗಿನ ನಿಧಾನದ ಓಟ) ಮುಗಿಯುವ ಮೊದಲೇ ಎಂಬತ್ತರಲ್ಲಿ ಓಡಿಸಿದ ಫಲ. ಬಿಚ್ಚಿದಾಗ ಸ್ಕರ್ಟಿನ ಹಿಂಬದಿಯಲ್ಲಿ ನಾಲ್ಕು ಉದ್ದ ಗೆರೆಗಳಿದ್ದವು, ಮುಂಬದಿ ಶುಭ್ರವಾಗಿತ್ತು. ಉರಿತದ ಒತ್ತಡ ಪಿಸ್ಟನ್ನನ್ನು ಹಿಂದಿರುವ ಗೇರ್‌ಬಾಕ್ಸಿನ ಕಡೆಗೇ ಒತ್ತುತ್ತದೆ, ಗಾಳಿ ತಾಗುವುದು ಮುಂದಿನ ಮೈಗೆ. ಅದೇ ದಿನ ಅಣ್ಣನ ಪಿಸ್ಟನ್ ನನ್ನ ಗಾಡಿಯಲ್ಲಿದ್ದಿದ್ದರೆ ಪಾರಾಗುತ್ತಿತ್ತೆಂದು ಈಗಲೂ ನಂಬುತ್ತೇನೆ. ಗೆರೆಗಳನ್ನು ನುಣ್ಣನೆಯ ಎಮರಿ ಕಾಗದದಿಂದ ತಿಕ್ಕಿ ಅದನ್ನೇ ಮತ್ತೆ ಕೂರಿಸಿದೆ, ಇಂದಿಗೂ ಓಡುತ್ತಿದೆ.

ನಾಲ್ಕು ಸಾವಿರ ಕಿಲೋಮೀಟರ್ ದಾಟಿದ ಮೇಲೆ ಲೆಕ್ಕ ತಿರುವುಮುರುವಾಯಿತು. ನನ್ನದು ಪಳಗಿ ಮೆತ್ತಗಾಯಿತು, ಅಣ್ಣನದು ಬಿಸಿಯಾದ ಮೇಲೂ ಬಡಿಯತೊಡಗಿತು. ಅಣ್ಣ ವಾರಕ್ಕೆ ಮೂರು ಬಾರಿ ಸಂಡೂರಿನ ಕಡೆಗೆ, ಅದಿರಿನ ಲಾರಿಗಳ ಹಿಂದೆ ಹೋಗುವವನು. ಸಿಲಿಂಡರ್ ಎತ್ತಿದಾಗ ಪಿಸ್ಟನ್ನಿನ ಹಿಂಬದಿಯ ಲೇಪನ ಸವೆದು ಬಿಳಿ ಲೋಹ ಕಾಣುತ್ತಿತ್ತು, ಮುಂಬದಿಯದು ಇನ್ನೂ ಕಪ್ಪಾಗಿತ್ತು. ನಡುವಿನ ಅಂಚಿನಲ್ಲಿ, ಭೂತಗನ್ನಡಿ ಹಿಡಿದು ನೋಡಿದರೆ, ಮೆತ್ತನೆಯ ಪದರದೊಳಗೆ ಕೆಂಪು ಕಣಗಳು ಹೂತುಕೊಂಡಿದ್ದವು. ಏರ್ ಫಿಲ್ಟರ್ ತೆಗೆದರೆ ಅದರ ಒಳಮೈಯೂ ಕೆಂಪು. ರಿಂಗುಗಳ ಸವೆತವನ್ನು ಯಾವ ಸ್ಕರ್ಟ್ ಲೇಪನವೂ ತಡೆಯುವುದಿಲ್ಲ. ಅಲ್ಲಿ ಮಾತನಾಡುವುದು ಫಿಲ್ಟರ್ ಮತ್ತು ಬೋರಿನ ಹೋನಿಂಗ್ (ಒಳಮೈಯನ್ನು ಕಲ್ಲಿನಿಂದ ಉಜ್ಜಿ ಹದಗೊಳಿಸುವುದು) ಮಾತ್ರ.

ಆದ್ದರಿಂದ ಇಂಥ ನಿಧಾನಗತಿಯ ಎಂಜಿನ್‌ಗಾಗಿ ಬರಿ ಪಿಸ್ಟನ್ನನ್ನು ಊರೂರು ಕಳುಹಿಸಿ ಲೇಪನ ಮಾಡಿಸುವ ಖರ್ಚು ನನ್ನ ಮಟ್ಟಿಗೆ ದಂಡ. ತಯಾರಕರೇ ಲೇಪಿಸಿ ಕಳುಹಿಸಿದ್ದು ಸಿಕ್ಕರೆ ಕೊಳ್ಳುತ್ತೇನೆ, ಅವರು ಹೇಳಿದ ಜಾಗದಲ್ಲೇ ಅಳೆಯುತ್ತೇನೆ. ಹೆಚ್ಚು ಹಿಗ್ಗುವುದರಿಂದ ಹೆಚ್ಚು ಸಡಿಲ ಬೇಡುವ ಫೋರ್ಜ್ಡ್ (ಎರಕ ಹೊಯ್ಯದೆ ಒತ್ತಿ ರೂಪಿಸಿದ) ಪಿಸ್ಟನ್ ಹಾಕುವವರಿಗೆ, ತಣ್ಣಗಿರುವಾಗಿನ ಬಡಿತ ಮತ್ತು ತರಚು ತಗ್ಗಿಸಲು ಲೇಪನ ನಿಜವಾಗಿಯೂ ನೆರವಾದೀತು. ಸವೆದ ಬೋರನ್ನು ತುಂಬಿಸಲೆಂದು ಲೇಪನ ಹಾಕಿಸುವವರಿಗೆ ಮಾತ್ರ ನಾಲ್ಕು ಸಾವಿರ ಕಿಲೋಮೀಟರಿನ ನೆಮ್ಮದಿ ಸಿಕ್ಕೀತು, ಅಷ್ಟೇ.

ಅಣ್ಣನ ಗಾಡಿಗೆ ಈಗ 0.75ರ ಲೇಪನವಿಲ್ಲದ ಪಿಸ್ಟನ್ ಬಂದಿದೆ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್ನಿಗೆ ಅಡ್ಡಲಾಗಿ, ಸ್ಕರ್ಟಿನ ಕೆಳಭಾಗದಲ್ಲಿ ಮೂರು ಸಲ ಅಳೆದು, ಆ ಅಂಕಿಯನ್ನು ಡಬ್ಬಿಯ ಮೇಲೆಯೇ ಬರೆದು ಅಂಗಡಿಗೆ ಕೊಟ್ಟಿದ್ದೇನೆ. ಜೊತೆಗೆ ಹೊಸ ಏರ್ ಫಿಲ್ಟರ್ ಕೂಡ ತರಿಸಿದ್ದೇನೆ.