ಸೆಕೆಂಡ್ ಹ್ಯಾಂಡ್ ಹೋಬಿ 16: ಪಡುಕೆರೆಯಲ್ಲಿ ಹಲವು ಮಳೆಗಾಲ ಕಳೆದ ಮೇಲೆ

ಉಡುಪಿ, ಮಂಗಳೂರು ಕಡೆ ಇದ್ದೀರಿ, ಟ್ರೇಲರ್ ಮೇಲೆ ಎಳೆದುಕೊಂಡು ಹೋಗಬಹುದಾದ, ಚೆನ್ನಾಗಿ ಓಡುವ ಸಣ್ಣ ಹಾಯಿದೋಣಿ ಬೇಕು ಅಂತಿದ್ದೀರಿ. ಹಾಗಾದರೆ ಹಳೆಯ ಹೋಬಿ 16 ತಗೊಳ್ಳಿ. ಒಂದೇ ಷರತ್ತು, ಅದರ ಒಡಲು, ಅಂದರೆ ನೀರಿನಲ್ಲಿ ತೇಲುವ ಮೈ, ಗಟ್ಟಿ ಇರಬೇಕು. ಹಾಯಿ, ಹಗ್ಗ, ತಂತಿ ಎಲ್ಲ ಹಳತಾಗಿದ್ದರೂ ಚಿಂತೆಯಿಲ್ಲ, ಬದಲಾಯಿಸಬಹುದು. ಒಡಲು ಮೆತ್ತಗಾದ ದೋಣಿಯನ್ನು ಪುಕ್ಕಟೆ ಕೊಟ್ಟರೂ ಮನೆಗೆ ತರಬೇಡಿ.

ಇದು ಎರಡು ಒಡಲಿನ ಕ್ಯಾಟಮರಾನ್. ಹೋಬಿ ಆಲ್ಟರ್ ಎಂಬ ಅಮೆರಿಕದ ಸರ್ಫ್‌ಬೋರ್ಡ್ ತಯಾರಕರ ಕೈಯಿಂದ ಸುಮಾರು 1970ರ ಹೊತ್ತಿಗೆ ಹೊರಬಂದ ವಿನ್ಯಾಸ. ಉದ್ದ 5 ಮೀಟರ್, ಅಗಲ 2.4 ಮೀಟರ್, ತೂಕ 145 ಕಿಲೋ. ಎರಡು ಹಾಯಿ ಸೇರಿ 20 ಚದರ ಮೀಟರ್ ಬಟ್ಟೆ. ಇಷ್ಟು ಹಗುರ ದೋಣಿಗೆ ಇಷ್ಟು ದೊಡ್ಡ ಹಾಯಿ ಇರುವುದೇ ಅದರ ವೇಗಕ್ಕೆ ಕಾರಣ. ಒಡಲುಗಳು ಬಾಳೆಹಣ್ಣಿನ ಹಾಗೆ ಬಾಗಿವೆ, ಹೊರಬದಿ ಚಪ್ಪಟೆ, ಒಳಬದಿ ಉಬ್ಬು. ಪಕ್ಕಕ್ಕೆ ಜಾರದಂತೆ ಆ ಆಕಾರವೇ ತಡೆಯುತ್ತದೆ. ಹಾಗಾಗಿ ಕೆಳಗೆ ನೀರಿಗೆ ಇಳಿಸುವ ಹಲಗೆಯೇ ಇಲ್ಲ. ಚುಕ್ಕಾಣಿ ಎರಡೂ ನೆಲ ತಾಗಿದರೆ ತಾವಾಗಿ ಮೇಲೇಳುತ್ತವೆ. ಆಮೇಲೆ ಮೊಣಕಾಲು ನೀರೂ ಬೇಡ.

ನಮ್ಮ ಕಡಲಿಗೆ, ಅಂದರೆ ಮಲ್ಪೆ ಪಕ್ಕದ ಪಡುಕೆರೆ ತೀರಕ್ಕೆ, ಇದು ಹೊಂದುವುದು ಈ ಕಾರಣಕ್ಕೇ. ಇಲ್ಲಿ ಆಟದ ದೋಣಿ ಇಳಿಸಲು ಕಾಂಕ್ರೀಟ್ ಇಳಿಜಾರು ಸಿಗುವುದು ಕಷ್ಟ. ಮಲ್ಪೆ ಬಂದರು ಮೀನಿನ ಬೋಟುಗಳಿಗೇ ಸಾಲುವುದಿಲ್ಲ, ಅಲ್ಲಿ ನಾವು ಹೋಗಿ ಕ್ರೇನ್ ಕೇಳುವುದು ಸರಿಯೂ ಅಲ್ಲ. ನಾನು ಮೊದಲು ಜೆ/24 ನೋಡಿದ್ದೆ. ಒಳ್ಳೆಯ ದೋಣಿ, ರೇಸ್‌ಗೂ ಆಗುತ್ತದೆ, ಟ್ರೇಲರ್ ಮೇಲೂ ಬರುತ್ತದೆ. ಆದರೆ ತೂಕ ಸುಮಾರು 1,400 ಕಿಲೋ, ಅಡಿಯಲ್ಲಿ ನೀರಿಗೆ 1.2 ಮೀಟರ್ ಇಳಿಯುವ ಕೀಲ್ ಎಂಬ ಭಾರದ ರೆಕ್ಕೆ. ಮರಳ ತೀರದಲ್ಲಿ ಅದನ್ನು ಏನು ಮಾಡುತ್ತೀರಿ? ಲೇಸರ್ ಎಂಬ ಒಬ್ಬರ ಹಾಯಿದೋಣಿ ಆದರೆ 59 ಕಿಲೋ ಅಷ್ಟೇ. ಒಬ್ಬರೇ ಹೋಗುವವರು ಅದನ್ನೇ ಕೊಳ್ಳಿ, ಎರಡನೇ ಯೋಚನೆ ಬೇಡ. ನನಗೆ ಭಾವನನ್ನೂ ಕೂರಿಸಿಕೊಂಡು ಹೋಗಬೇಕಿತ್ತು. ಹಾಗಾಗಿ ಹೋಬಿ.

ಹಳೆಯದು ನೋಡಲು ಹೋದಾಗ ಕಂಬ, ಹಾಯಿ ಕಡೆ ಕಣ್ಣು ಹಾಕುವ ಮೊದಲು ಶರ್ಟಿನ ತೋಳು ಮಡಚಿ ಒಡಲನ್ನು ಒತ್ತಿ ನೋಡಿ. ಒಡಲಿನ ಗೋಡೆ ಅಂದರೆ ಎರಡು ತೆಳು ಫೈಬರ್ ಪದರ, ನಡುವೆ ಫೋಮ್. ವರ್ಷಗಟ್ಟಲೆ ಬಿಸಿಲು, ಅಲೆಯ ಹೊಡೆತ ತಿಂದು ಫೈಬರ್ ಫೋಮಿನಿಂದ ಬಿಟ್ಟುಕೊಳ್ಳುತ್ತದೆ. ಎರಡು ಒಡಲನ್ನು ಜೋಡಿಸುವ ಮುಂದಿನ ಅಡ್ಡಪಟ್ಟಿಗಿಂತ ಸ್ವಲ್ಪ ಮುಂದೆ, ಮೇಲ್ಭಾಗದಲ್ಲಿ, ಈ ಕಾಯಿಲೆ ಜಾಸ್ತಿ. ಎರಡೂ ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಗಟ್ಟಿ ಇದ್ದರೆ ಕದಲುವುದಿಲ್ಲ. ಬಿಟ್ಟಿದ್ದರೆ ಒಳಗೆ ಹೋಗಿ ಟಕ್ ಎಂದು ವಾಪಸ್ ಬರುತ್ತದೆ. ನಾಣ್ಯದಿಂದ ತಟ್ಟಿದರೂ ಗೊತ್ತಾಗುತ್ತದೆ, ಬಿಟ್ಟ ಜಾಗದಲ್ಲಿ ಸದ್ದು ಮಂಕಾಗುತ್ತದೆ. ಅಂಗೈ ಅಗಲದ ಒಂದು ಕಡೆ ಇದ್ದರೆ ರಿಪೇರಿ ಆಗುತ್ತದೆ. ಎರಡೂ ಒಡಲಿನಲ್ಲಿ ಮೊಳ ಉದ್ದಕ್ಕೆ ಇದ್ದರೆ ನಮಸ್ಕಾರ ಹೇಳಿ ಬನ್ನಿ.

ಆಮೇಲೆ ಒಂದು ಮೂಲೆ ಹಿಡಿದು ಇಡೀ ಚೌಕಟ್ಟನ್ನು ಅಲ್ಲಾಡಿಸಿ. ಅಡ್ಡಪಟ್ಟಿ ಕೂರುವ ನಾಲ್ಕು ಕಾಲುಗಳು ಸಡಿಲಾಗಿದ್ದರೆ ಕಿರ್ರ್ ಅನ್ನುತ್ತವೆ. ಬಲ ಒಡಲಿನ ಹಿಂಬದಿಯಲ್ಲಿ ಒಂದು ಸಂಖ್ಯೆ ಮೂಡಿಸಿರುತ್ತಾರೆ. ಈಚಿನ ದಶಕಗಳ ದೋಣಿಯಾದರೆ ಅದರ ಕೊನೆಯ ಎರಡು ಅಂಕಿ ಮಾದರಿಯ ವರ್ಷ. ಮಾರುವವರ ಬಾಯಿಮಾತಿನ ವರ್ಷಕ್ಕಿಂತ ಅದನ್ನು ನಂಬಿ.

ನಾನು ಗೋವಾದಲ್ಲಿ ಕೊಂಡೆ. ಹೆಸರು ಬೇಡ. ಒಳಗೆ ಒಂದು ಹನಿ ನೀರೂ ಬರುವುದಿಲ್ಲ ಎಂದು ಖಂಡಿತವಾಗಿ ಹೇಳಿದ್ದರು. ಇಲ್ಲಿ ಇಳಿಸಿದ ಮೊದಲ ದಿನವೇ ಎಡ ಒಡಲಿನ ನೀರು ಬಸಿಯುವ ಬಿರಡೆ ತೆಗೆದರೆ ನೀರು ಧಾರೆ ಕಟ್ಟಿ ಬಂತು. ಸೋರುವ ಜಾಗ ಹುಡುಕಲು ಸುಲಭದ ದಾರಿ ಉಂಟು. ಬಿರಡೆಯ ತೂತಿಗೆ ಪೈಪ್ ಇಟ್ಟು ಬಾಯಿಯಿಂದಲೇ ಮೆಲ್ಲಗೆ ಊದಬೇಕು, ಹೊರಗೆ ಸೋಪಿನ ನೀರು ಹಚ್ಚಬೇಕು. ಗುಳ್ಳೆ ಏಳುವಲ್ಲಿ ಸೋರಿಕೆ. ಪಂಪ್ ಹಾಕಬೇಡಿ, ಒತ್ತಡ ಜಾಸ್ತಿಯಾದರೆ ಗಟ್ಟಿ ಇದ್ದ ಫೈಬರ್ ಕೂಡ ಬಿಡುತ್ತದೆ. ನಮ್ಮದರಲ್ಲಿ ಚುಕ್ಕಾಣಿ ಹಿಡಿದಿಡುವ ಲೋಹದ ತುಂಡಿನ ಸ್ಕ್ರೂ ಸುತ್ತ ಗುಳ್ಳೆ ಎದ್ದವು. ಬಿಚ್ಚಿ, ಸೀಲೆಂಟ್ ಹಚ್ಚಿ ಕೂರಿಸಿದೆವು. ಇವತ್ತಿಗೂ ಆ ಒಡಲು ಒಣಗಿಯೇ ಇದೆ.

ಫೈಬರ್ ಕೆಲಸದ ವಿಷಯದಲ್ಲಿ ಮಲ್ಪೆಯಲ್ಲಿ ಇರುವುದು ನಮ್ಮ ಅದೃಷ್ಟ. ಫೈಬರ್ ದೋಣಿ ಕಟ್ಟುವ, ರಿಪೇರಿ ಮಾಡುವ ಕೈಗಳು ಇಲ್ಲೇ ಇವೆ. ಒಳ್ಳೆಯ ಕೆಲಸಗಾರರು. ಆದರೆ ಅವರ ರೂಢಿ ಬೇರೆ. ಮೀನಿನ ದೋಣಿಗೆ ಫೈಬರ್ ಮ್ಯಾಟ್ ಮೇಲೆ ಮ್ಯಾಟ್ ಹಾಕಿ ದಪ್ಪ ಮಾಡಬೇಕು, ಅದು ಬಲೆ ಎಳೆಯಬೇಕು, ಬಂದರಿನ ಗೋಡೆಗೆ ತಾಗಬೇಕು. ಹೋಬಿಗೆ ಹಾಗೆ ಮಾಡಿದರೆ ತೂಕ ಏರಿ ದೋಣಿಯ ಗುಣವೇ ಹೋಗುತ್ತದೆ. ಬಿಟ್ಟುಕೊಂಡ ಜಾಗದ ಮೇಲಿನ ಪದರಕ್ಕೆ ಮಾತ್ರ ಸಣ್ಣ ಸಣ್ಣ ತೂತು ಕೊರೆದು, ಸಿರಿಂಜ್‌ನಲ್ಲಿ ತೆಳು ಎಪಾಕ್ಸಿ ತುಂಬಿ, ಮೇಲೆ ಮರಳಿನ ಚೀಲ ಇಟ್ಟು ಒಣಗಲು ಬಿಡಬೇಕು. ಪಕ್ಕದಲ್ಲೇ ನಿಂತು ಮಾಡಿಸಿ. ನಮಗೆ ಮಾಡಿಕೊಟ್ಟವರು ಮೊದಲು ತಲೆ ಅಲ್ಲಾಡಿಸಿದರು, ಒಣಗಿದ ಮೇಲೆ ತಾವೇ ತಟ್ಟಿ ನೋಡಿ ಒಪ್ಪಿದರು.

ಕೊಂಡ ಬೆಲೆಯ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಮೊದಲ ವರ್ಷದ ರಿಪೇರಿಗೇ ಹೋಯಿತು. ಅದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಬೆಲೆ ಮಾತಾಡಿ. ಕಂಬ ಹಿಡಿದು ನಿಲ್ಲಿಸುವ ಸ್ಟೀಲ್ ತಂತಿಗಳನ್ನು ಕೊಂಡ ಕೂಡಲೇ ಬದಲಾಯಿಸಿ, ನೋಡಲು ಎಷ್ಟೇ ಹೊಳೆಯುತ್ತಿರಲಿ. ಉಪ್ಪುನೀರಿನಲ್ಲಿ ಸ್ಟೀಲ್ ತಂತಿ ಒಳಗಿಂದ ಕೆಡುತ್ತದೆ, ಒಂದು ತಂತಿ ತುಂಡಾದರೆ ಕಂಬ ತಲೆ ಮೇಲೆಯೇ ಬರುತ್ತದೆ. ಮೀನುಗಾರಿಕೆ ಸಾಮಾನಿನ ಅಂಗಡಿಯಲ್ಲಿ ಒಳ್ಳೆಯ ಹಗ್ಗ ಸಿಗುತ್ತದೆ. ತಂತಿ, ಚುಕ್ಕಾಣಿಯ ಬಿಡಿಭಾಗ ಹೊರಗಿಂದ ತರಿಸಬೇಕು. ತರಿಸುವಾಗ ಒಂದು ಜಾಸ್ತಿ ತರಿಸಿಡಿ. ಎರಡು ಒಡಲಿನ ನಡುವೆ ಬಿಗಿದ, ನಾವು ಕೂರುವ ಬಟ್ಟೆ, ಅಂದರೆ ಟ್ರ್ಯಾಂಪೊಲಿನ್‌ನ ಹೊಲಿಗೆ ಬಿಸಿಲಿಗೆ ಬಿಟ್ಟಾಗ ಲಾರಿ ಟಾರ್ಪಾಲ್ ಹೊಲಿಯುವವರೇ ನಮಗೆ ಹೊಲಿದುಕೊಟ್ಟರು, ಇನ್ನೂ ಗಟ್ಟಿ ಇದೆ.

ಇನ್ನು ಓಟ. ಡಿಸೆಂಬರ್‌ನಿಂದ ಮೇ ತನಕ ನಮ್ಮಲ್ಲಿ ಗಾಳಿ ಗಡಿಯಾರ ನೋಡಿ ಬೀಸುತ್ತದೆ ಅಂದರೆ ಸುಳ್ಳಲ್ಲ. ಬೆಳಗ್ಗೆ ಮೂಡಣದಿಂದ ನೆಲದ ಗಾಳಿ, ಸಣ್ಣದು. ಮಧ್ಯಾಹ್ನದ ಹೊತ್ತಿಗೆ ಅದು ಸತ್ತು, ವಾಯವ್ಯದಿಂದ ಕಡಲ ಗಾಳಿ ಶುರು. ಮೂರು ಗಂಟೆಗೆ ನೀರಿನ ಮೇಲೆ ಬಿಳಿ ನೊರೆ ಕಂಡರೆ ಹೋಬಿಗೆ ಹಬ್ಬ. ಒಬ್ಬರು ಕಂಬದಿಂದ ಇಳಿಬಿದ್ದ ಟ್ರಪೀಜ್ ತಂತಿಗೆ ನೇತುಬಿದ್ದು ಒಡಲಿನ ಅಂಚಿನಲ್ಲಿ ನಿಲ್ಲುತ್ತಾರೆ, ಗಾಳಿ ಕಡೆಯ ಒಡಲು ನೀರು ಬಿಟ್ಟು ಮೇಲೇಳುತ್ತದೆ, ಚುಕ್ಕಾಣಿ ಸಣ್ಣಗೆ ಹಾಡುತ್ತದೆ. ಇಂಜಿನ್ ಇಲ್ಲದೆ ಈ ವೇಗ ನಮ್ಮ ಕಡಲಲ್ಲಿ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ. ಪಡುಕೆರೆಯಿಂದ ಸೇಂಟ್ ಮೇರಿಸ್ ದ್ವೀಪದ ಕಡೆ ಹೊರಟರೆ ಹೋಗುವಾಗ ಗಾಳಿ ಎದುರು, ಬರುವಾಗ ಬೆನ್ನಿಗೆ. ದಣಿದ ಮೇಲೆ ಗಾಳಿಯೇ ಮನೆಗೆ ತರುತ್ತದೆ. ದ್ವೀಪಕ್ಕೆ ನಾವು ಇಳಿಯುವುದಿಲ್ಲ. ಆ ಕಂಬಕಲ್ಲು, ಚಿಪ್ಪುಗಳ ಮೇಲೆ ತೆಳು ಒಡಲು ತಾಗಿದರೆ ಮುಗಿಯಿತು.

ಕಷ್ಟವೂ ಉಂಟು. ಗಾಳಿಗೆ ಎದುರಾಗಿ ದಿಕ್ಕು ಬದಲಿಸುವಾಗ ಇದು ಮೊಂಡು ದೋಣಿ. ವೇಗ ಇರುವಾಗಲೇ ತಿರುಗಿಸಬೇಕು, ಮುಂದಿನ ಜಿಬ್ ಹಾಯಿಯನ್ನು ಬಿಡದೆ ಹಿಡಿದು ಅದರ ಮೇಲೆ ಗಾಳಿ ತಳ್ಳುವಂತೆ ಮಾಡಬೇಕು, ದೊಡ್ಡ ಹಾಯಿಯ ಹಗ್ಗ ಸಡಿಲಿಸಬೇಕು. ಒಂದು ತಪ್ಪಿದರೆ ನಡುವೆ ನಿಂತುಬಿಡುತ್ತದೆ. ಅಗಲ ಕಡಲಲ್ಲಿ ಪರವಾಗಿಲ್ಲ, ಉದ್ಯಾವರ ಹೊಳೆಯಂಥ ಕಿರಿದಾದ ಜಾಗದಲ್ಲಿ ಬೇಸರ ಬರುತ್ತದೆ. ಜೋರು ಗಾಳಿ ಬೆನ್ನಿಗಿದ್ದಾಗ ಒಡಲಿನ ಮೂತಿ ಅಲೆಗೆ ಚುಚ್ಚಿ ದೋಣಿ ಮುಂದಕ್ಕೆ ಮಗುಚುತ್ತದೆ. ಇಬ್ಬರೂ ಆದಷ್ಟು ಹಿಂದೆ ಸರಿಯಬೇಕು. ಮಗುಚಿದ್ದನ್ನು ಎತ್ತಲು ಹೆಚ್ಚಿನವರಿಗೆ ಒಬ್ಬರದೇ ತೂಕ ಸಾಲುವುದಿಲ್ಲ. ಒಂಟಿಯಾಗಿ ಹೋಗಬೇಡಿ ಅನ್ನುವುದು ಅದಕ್ಕೇ. ಹೊಳೆಯಲ್ಲಿ ಇನ್ನೂ ಒಂದು ಅಪಾಯ, ಕಂಬ 8 ಮೀಟರ್, ನೀರು ಅಷ್ಟು ಆಳ ಇಲ್ಲ. ತಲೆಕೆಳಗಾದರೆ ಕಂಬ ಕೆಸರಿಗೆ ನಾಟಿ ಮುರಿಯಬಹುದು.

ಅಳಿವೆಯ ವಿಷಯ ನನಗೆ ಕಲಿಸಿದ್ದು ತೀರದ ಹಿರಿಯ ಮೀನುಗಾರರೊಬ್ಬರು. "ಇದಕ್ಕೆ ತೂಕ ಇಲ್ಲ ಮಾರಾಯ್ರೆ, ಇಳಿತದ ಹೊತ್ತಿಗೆ ಅಳಿವೆ ಕಡೆ ಹೋಗ್ಬೇಡಿ" ಅಂದರು. ಇಳಿತದಲ್ಲಿ ಹೊಳೆ ನೀರು ಹೊರಗೆ ನುಗ್ಗುತ್ತದೆ, ಕಡಲ ಗಾಳಿ ಒಳಗೆ ತಳ್ಳುತ್ತದೆ, ಎರಡೂ ಸೇರುವಲ್ಲಿ ಅಲೆ ಗೋಡೆ ಹಾಗೆ ಏಳುತ್ತದೆ. ಮಲ್ಪೆ ಆಗಲಿ, ಕೋಡಿ ಬೆಂಗ್ರೆ ಆಗಲಿ, ಅಳಿವೆ ಬಾಗಿಲು ಬಿಟ್ಟು ತೆರೆದ ತೀರದಿಂದಲೇ ಇಳಿಯಿರಿ. ತೀರದಿಂದ ಕೈಯಲ್ಲೇ ಎಳೆಯುವ ಕೈರಂಪಣಿ ಬಲೆ ಹಾಕಿರುವ ದಿನ ದೂರ ಸುತ್ತಿಕೊಂಡು ಹೋಗಿ. ಅವರದು ಹೊಟ್ಟೆಪಾಡು, ನಮ್ಮದು ಆಟ. ಮರಳಿನ ಮೇಲೆ ದೋಣಿ ಎತ್ತುವಾಗ ನಾಲ್ಕು ಕೈ ಕೊಡುವವರೂ ಅವರೇ ಅಲ್ವಾ? ನಾವು ಹೊರಡುವ ಮೊದಲು ಕರಾವಳಿ ಕಾವಲು ಪೊಲೀಸರಿಗೂ ಒಂದು ಮಾತು ಹೇಳಿಯೇ ಹೋಗುತ್ತೇವೆ. ಮಂಗಳೂರಿನವರು ಪಣಂಬೂರಿನಿಂದ ಇಳಿಸುವುದಾದರೆ ಬಂದರಿನ ಹಡಗು ದಾರಿಯಿಂದ ದೂರ ಇರಿ.

ಟ್ರೇಲರ್‌ಗೆ ಅದರದೇ ನೋಂದಣಿ ಪತ್ರ ಇರಬೇಕು, ದೋಣಿ ಜೊತೆ ಅದನ್ನೂ ಕೇಳಿ ಪಡೆಯಿರಿ. ಟ್ರೇಲರ್ ಅನ್ನು ಉಪ್ಪುನೀರಿಗೆ ಇಳಿಸಲೇಬೇಡಿ, ಬೇರಿಂಗ್ ಹಿಡಿದುಕೊಳ್ಳುತ್ತದೆ. ಮರಳಿನ ಮೇಲೆ ಅಗಲ ಚಕ್ರದ ಕೈಗಾಡಿ ಬೇರೆಯೇ ಬೇಕು. ಕಂಬ ಎತ್ತುವ ಮೊದಲು ತಲೆ ಎತ್ತಿ ನೋಡಿ. ನಮ್ಮ ತೀರದ ಉದ್ದಕ್ಕೂ ತೋಟದ ನಡುವೆ ಕರೆಂಟ್ ತಂತಿ ಇದೆ, ದೋಣಿಯ ಕಂಬ ಅಲ್ಯೂಮಿನಿಯಂ. ಈ ಒಂದು ವಿಷಯದಲ್ಲಿ ಅವಸರ ಮಾಡಿದರೆ ಜೀವವೇ ಹೋಗುತ್ತದೆ. ಅಕ್ಟೋಬರ್‌ನಲ್ಲಿ ಘಟ್ಟದ ಕಡೆ ಗುಡುಗು ಕೇಳಿದರೂ ಅಷ್ಟೇ, ಕೂಡಲೇ ದಡಕ್ಕೆ ಬನ್ನಿ.

ಮಳೆಗಾಲದಲ್ಲಿ ದೋಣಿಗೆ ರಜೆ. ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಯಾಂತ್ರಿಕ ಬೋಟುಗಳೇ ಬಂದರಿನಲ್ಲಿ ನಿಲ್ಲುತ್ತವೆ. ನಾವು ಮೇ ಕೊನೆಗೆ ಕಂಬ ಇಳಿಸಿ, ಎಲ್ಲವನ್ನೂ ಬಾವಿ ನೀರಿನಲ್ಲಿ ತೊಳೆದು, ಹಾಯಿಯನ್ನು ಮಡಚದೆ ಸುತ್ತಿ ಅಟ್ಟದಲ್ಲಿ ಇಡುತ್ತೇವೆ. ದೋಣಿಯ ಮೂತಿ ಸ್ವಲ್ಪ ಎತ್ತರಕ್ಕೆ ಇಟ್ಟು ಎರಡೂ ಬಿರಡೆ ತೆಗೆದಿಡಬೇಕು. ಒಳಗಿನ ತೇವ ಹೊರಗೆ ಹೋಗುತ್ತದೆ, ಬಿಸಿಲಿಗೆ ಗಾಳಿ ಉಬ್ಬಿ ಒಡಲು ಬಿರಿಯುವುದೂ ಇಲ್ಲ. ತೆಂಗಿನ ಮರದ ಕೆಳಗಂತೂ ಇಡಬೇಡಿ. ಒಂದು ಕಾಯಿ ಬಿದ್ದರೆ ಸಾಕು, ಫೈಬರ್ ಪದರ ಒಡೆದು ಫೋಮ್ ಕಾಣುತ್ತದೆ. ಮರ ಇಲ್ಲದ ಜಾಗ ನಮ್ಮ ಊರಲ್ಲಿ ಸಿಗುವುದಿಲ್ಲವಾದ್ದರಿಂದ ನಾವು ಶೆಡ್ ಹಾಕಿಸಿದೆವು.

ಕೊಳ್ಳುವುದಾದರೆ ಮೇ ತಿಂಗಳಲ್ಲೇ ಹುಡುಕಿ. ಮಳೆಗೆ ಮೊದಲು ಜಾಗ ಖಾಲಿ ಮಾಡಬೇಕು ಅನ್ನುವವರು ಬೆಲೆ ಇಳಿಸುತ್ತಾರೆ. ಆದರೆ ಕಂಬ ನಿಲ್ಲಿಸಿ, ಹಾಯಿ ಏರಿಸಿ, ಒಂದು ಸುತ್ತು ನೀರಿಗೆ ಇಳಿಸಿ ತೋರಿಸಿ ಎಂದು ಕೇಳಿ. ದಡಕ್ಕೆ ಬಂದ ಮೇಲೆ ಎರಡೂ ಬಿರಡೆ ನೀವೇ ತೆಗೆದು ಎಷ್ಟು ನೀರು ಬರುತ್ತದೆ ನೋಡಿ, ಆಮೇಲೆ ಹಣದ ಮಾತು.