ಹಿನ್ನೀರಿನ ಹೂಳಿನಲ್ಲಿ ಟೆಂಟ್ ನಿಲ್ಲಿಸಿದ ಬಟ್ಟೆ ಲಂಗರುಗಳು

ಎಂಟು ಅಲ್ಯೂಮಿನಿಯಂ ಗೂಟಗಳು ಮತ್ತು ನಾಲ್ಕು ಬಟ್ಟೆ ಲಂಗರುಗಳಿರುವ ಒಂದು ಸೆಟ್ಟನ್ನು ಹಾಸನದ ಅಂಗಡಿಯೊಂದರಲ್ಲಿ ಕೊಂಡು, ಈ ಬೇಸಿಗೆಯಲ್ಲಿ ಎರಡು ಬಗೆಯ ನೆಲದಲ್ಲಿ ಬಳಸಿ ನೋಡಿದ್ದೇನೆ.

ಮೊದಲು ಹೋದದ್ದು ಹೇಮಾವತಿ ಜಲಾಶಯದ ಹಿನ್ನೀರಿನ ಕಡೆಗೆ, ಶೆಟ್ಟಿಹಳ್ಳಿಯ ಹಳೆಯ ಚರ್ಚಿನಿಂದ ತುಸು ದೂರದಲ್ಲಿರುವ ಪರಿಚಯದ ರೈತರೊಬ್ಬರ ಹೊಲದಂಚಿಗೆ. ನೀರು ಇಳಿದ ಮೇಲೆ ಅಲ್ಲಿ ಉಳಿಯುವ ಹೂಳು ಮೇಲ್ನೋಟಕ್ಕೆ ಒಣಗಿ ಬಿರುಕು ಬಿಟ್ಟಿದ್ದರೂ, ನಾಲ್ಕು ಬೆರಳು ಅಗೆದರೆ ಒಳಗೆ ಹಿಟ್ಟಿನಂತೆ ಮೆತ್ತಗಿರುತ್ತದೆ. ಟೆಂಟಿನ ಜೊತೆ ಬಂದಿದ್ದ ಹಳೆಯ ದುಂಡು ಗೂಟಗಳು ಅಂಗೈಯಲ್ಲಿ ಒತ್ತಿದರೆ ಸಾಕು, ಇಳಿದವು. ಹಗ್ಗ ಬಿಗಿದೊಡನೆ ಮೂಲಂಗಿ ಕಿತ್ತಂತೆ ಎದ್ದೂ ಬಂದವು. ಸೆಟ್ಟಿನ ಗೂಟಗಳಿಗೆ ಮೂರು ಅಂಚುಗಳಿರುವುದರಿಂದ ಅವು ಇನ್ನಷ್ಟು ಮಣ್ಣನ್ನು ಹಿಡಿದವಾದರೂ ಸಂಜೆಯ ಗಾಳಿಗೆ ಎರಡು ಸಡಿಲಗೊಂಡವು. ಮಣ್ಣಿನಲ್ಲೇ ಬಿಗಿ ಇಲ್ಲದಿದ್ದರೆ ಗೂಟವೇನು ಮಾಡೀತು?

ಲಂಗರೆಂದರೆ ನಾಲ್ಕು ಮೂಲೆಗೂ ದಾರವಿರುವ ಒಂದು ಚೌಕ ಬಟ್ಟೆ, ಅಷ್ಟೆ. ಅದರಲ್ಲಿ ಮಣ್ಣು ತುಂಬಿ, ಒಂದಡಿ ಆಳದ ಗುಂಡಿಯಲ್ಲಿ ಹೂತು, ಮೇಲೆ ಮಣ್ಣೆಳೆದು ಕಾಲಿನಿಂದ ಚೆನ್ನಾಗಿ ತುಳಿಯಬೇಕು. ಗುಂಡಿಯಿಂದ ಟೆಂಟಿನತ್ತ ಹಗ್ಗ ಹೊರಬರುವ ದಾರಿಯಲ್ಲಿ ಓರೆಯಾದ ಸಣ್ಣ ಕಾಲುವೆಯನ್ನೂ ತೋಡಬೇಕು. ಇಲ್ಲದಿದ್ದರೆ ಹಗ್ಗವು ಗುಂಡಿಯ ಅಂಚಿಗೆ ಒತ್ತಿಕೊಂಡು ಲಂಗರನ್ನು ಮೇಲಕ್ಕೆತ್ತುತ್ತದೆ. ನನ್ನ ಮೊದಲ ಲಂಗರು ಕಿತ್ತುಬಂದದ್ದು ಹೀಗೆಯೇ. ಸೆಟ್ಟಿನ ಜೊತೆಗಿರುವ ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲದಿರುವುದನ್ನು ನಾನು ದೊಡ್ಡ ಕೊರತೆ ಎಂದೇ ಎಣಿಸುತ್ತೇನೆ.

ಆ ರಾತ್ರಿ ಭರಣಿ ಮಳೆಗೆ ಮುಂಚಿನ ಗಾಳಿ ಎದ್ದು ಹೊದಿಕೆ ಪಟಪಟನೆ ಬಡಿಯತೊಡಗಿದಾಗ ಟಾರ್ಚ್ ಹಿಡಿದು ಹೊರಗೆ ಹೋಗಿ ಹಗ್ಗದ ಮೇಲೆ ಕೈಯಿಟ್ಟೆ. ಅದು ಮೀಟಿದ ತಂತಿಯಂತೆ ಅದುರುತ್ತಿತ್ತು. ಲಂಗರಿನ ಮೇಲಿನ ಮಣ್ಣಿನಲ್ಲಿ ಮಾತ್ರ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಬೇರೇನೂ ಕದಲಿರಲಿಲ್ಲ. ಮಳೆ ಬಂದ ಮೇಲೆ ನೈಲಾನ್ ಹಗ್ಗ ನೆನೆದು ಹಿಗ್ಗಿದ್ದರಿಂದ ಬೆಳಿಗ್ಗೆ ಮತ್ತೊಮ್ಮೆ ಬಿಗಿಯಬೇಕಾಯಿತು.

ಮೂಡಿಗೆರೆ ಕಡೆಯ ಕಾಫಿ ತೋಟದ ಗರಸು ನೆಲದಲ್ಲಿ ಲಂಗರಿನ ಅಗತ್ಯವೇ ಬೀಳಲಿಲ್ಲ. ಹಳೆಯ ಗೂಟಗಳು ಬಾಗಿದ ಜಾಗದಲ್ಲೇ ಹೊಸವು ನೆಟ್ಟಗೆ ಇಳಿದವು. ಗೂಟದ ತಲೆ ಟೆಂಟಿನಿಂದ ಹೊರಕ್ಕೆ ವಾಲುವಂತೆ, ಹಗ್ಗಕ್ಕೂ ಗೂಟಕ್ಕೂ ನಡುವೆ ಹೆಚ್ಚುಕಡಿಮೆ ಲಂಬಕೋನ ಬರುವಂತೆ ಹೊಡೆದರೆ ಹಿಡಿತ ಚೆನ್ನಾಗಿರುತ್ತದೆ. ಕಲ್ಲು ತಗುಲಿದರೆ ಬಲವಂತ ಮಾಡದೆ ಗೇಣು ದೂರ ಸರಿಸುವುದು ಒಳ್ಳೆಯದು.

ಲಂಗರಿನ ಹೊಲಿಗೆ ದುರ್ಬಲವಾಗಿದೆ. ಒಂದರ ಮೂಲೆ ಎರಡನೆಯ ಬಳಕೆಗೇ ಬಿಚ್ಚಿಕೊಂಡಿತು, ಅದನ್ನು ಚೀಲ ಹೊಲಿಯುವ ದಾರದಿಂದ ಮತ್ತೆ ಹೊಲಿದೆ. ಖಾಲಿ ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿ ಬಾಯಿ ಕಟ್ಟಿ ಹೂತರೂ ಇದೇ ಕೆಲಸ ನಡೆಯುತ್ತದೆ. ಆದರೆ ಮಡಿಸಿದಾಗ ಅಂಗೈಯಲ್ಲಿ ಹಿಡಿಸುವ ಲಂಗರು ಬೆನ್ನಿಗೆ ಹಗುರ. ತೋಟಗಳಲ್ಲಷ್ಟೇ ತಂಗುವವರು ಗೂಟಗಳನ್ನು ಮಾತ್ರ ಕೊಂಡರೆ ಸಾಕು. ನಾನು ಹಿನ್ನೀರಿಗೆ ಮತ್ತೆ ಹೋಗುವವನಾದ್ದರಿಂದ, ಗಾಳಿ ಬರುವ ಬದಿಗೆಂದು ಇನ್ನೆರಡು ಲಂಗರುಗಳನ್ನು ತಂದು, ನಾಲ್ಕು ಮೂಲೆಗೂ ಮೊದಲೇ ಎರಡು ಸುತ್ತು ಹೊಲಿಗೆ ಹಾಕಿಸಿ ಇಟ್ಟಿದ್ದೇನೆ.